ಪಾರ್ಲರಿನ ಲೇಬಲ್ ಇಲ್ಲದ ಬಂಗಿನ ಕ್ರೀಮ್: ಗರ್ಭಿಣಿಯರು ದಯವಿಟ್ಟು ಓದಿ

ಗರ್ಭಿಣಿಯರೇ, ಬಂಗಿಗೆ ಅಂತ ಪಾರ್ಲರಿನವರು ಲೇಬಲ್ ಇಲ್ಲದ ಡಬ್ಬಿಯಲ್ಲಿ ಕೊಡುವ ಕ್ರೀಮನ್ನು ಮುಟ್ಟಲೇಬೇಡಿ. ಎಷ್ಟೇ ಪರಿಚಯದವರಾಗಿರಲಿ, ಬೇಡ.

ನನಗೀಗ ಆರನೇ ತಿಂಗಳು. ಕೆನ್ನೆ ತುಂಬಾ ಬಂಗು ಎದ್ದಿತ್ತು, ಸೀಮಂತ ಬೇರೆ ಹತ್ತಿರ ಬಂದಿತ್ತು. ಹುಬ್ಬು ತೆಗೆಸಲು ಯಾವಾಗಲೂ ಹೋಗುವ ಪಾರ್ಲರ್ ಅದು. ಪ್ರೆಗ್ನೆಂಟ್ ಅಂತ ಬಾಯಿಬಿಟ್ಟು ಹೇಳಿದ್ದೆ. "ಅದಕ್ಕೇ ಅಕ್ಕ ಇದನ್ನ ಕೊಡ್ತಿರೋದು. ಬರೀ ಕೇಸರಿ, ಬಾದಾಮಿ, ಲೋಳೆಸರ. ಬಾಣಂತಿಯರೂ ಹಚ್ತಾರೆ" ಅಂದರು. 600 ರೂಪಾಯಿ ತಗೊಂಡರು. ಬಂಗು ಬೇಗ ತಿಳಿಯಾಯಿತು ನಿಜ, ಆಮೇಲೆ ಶುರುವಾಯಿತು ನೋಡಿ ಉರಿ, ಮುಖವೆಲ್ಲ ಕೆಂಪು, ಮೂಗಿನ ಪಕ್ಕ ಸಿಪ್ಪೆ ಸಿಪ್ಪೆ. ಫೋನ್ ಮಾಡಿದರೆ "ಹಳೇ ಚರ್ಮ ಹೋಗ್ತಿದೆ ಅಕ್ಕ, ಒಳ್ಳೇದೇ."

ಮುಖ ತೋರಿಸೋಣ ಅಂತ ಹೋದೆ. ಒಳಗಿನ ಕೋಣೆಯ ಪರದೆ ಸರಿದಿತ್ತು. ಕೆಲಸದ ಹುಡುಗಿ ಒಂದು ಟ್ಯೂಬನ್ನು ಬುಡದಿಂದ ಸುರುಳಿ ಸುತ್ತಿ, ಹಿಂಡಿ ಹಿಂಡಿ ಅದೇ ಗುಲಾಬಿ ಮುಚ್ಚಳದ ಡಬ್ಬಿಗೆ ತುಂಬುತ್ತಿದ್ದಳು. ಕಸಿದುಕೊಂಡು ಓದಿದೆ. ಚರ್ಮದ ಬಣ್ಣ ತಿಳಿ ಮಾಡುವ ಹೈಡ್ರೋಕ್ವಿನೋನ್, ಮೊಡವೆಗೂ ಕೊಡುವ ಟ್ರೆಟಿನಾಯಿನ್, ಜೊತೆಗೆ ಮೊಮೆಟಾಸೋನ್ ಅನ್ನೋ ಸ್ಟೀರಾಯ್ಡ್. ಪಕ್ಕದಲ್ಲಿ ಕೆಂಪು ಗೀಟು, ಡಾಕ್ಟರ ಚೀಟಿ ಇಲ್ಲದೆ ಮಾರುವ ಹಾಗೇ ಇಲ್ಲ. ಎಲ್ಲಿ ಕೇಸರಿ? ಎಲ್ಲಿ ಬಾದಾಮಿ? ಕೈಕಾಲು ನಡುಗಿತು. ಕೂತಿದ್ದ ಗಿರಾಕಿಗಳೆಲ್ಲ ನನ್ನ ಸುಟ್ಟ ಮುಖವನ್ನೇ ನೋಡುತ್ತಿದ್ದರು, ನಾಚಿಕೆಗೆ ಮಾತೇ ಹೊರಡಲಿಲ್ಲ.

ಅವರ ಉತ್ತರ ಕೇಳಿ. "ಹೊಟ್ಟೆಗೆ ತಗೊಂಡಿಲ್ವಲ್ಲ ಅಕ್ಕ, ಮುಖಕ್ಕೆ ತಾನೇ ಹಚ್ಚಿದ್ದು." ಕೇಸರಿ ಅಂದಿರಲ್ಲ ಅಂದರೆ, "ಅದನ್ನೂ ಹಾಕ್ತೀವಿ." ದುಡ್ಡು ವಾಪಸ್ ಕೇಳಿದರೆ, "ಬಂಗು ಹೋಯ್ತಲ್ವಾ?" ಬಂಗು ಹೋಯ್ತಲ್ವಾ ಅಂತೆ! ರಾತ್ರಿ ವಾಟ್ಸಾಪಿನಲ್ಲಿ ಬರೆದೆ, ಬ್ಲಾಕ್ ಮಾಡಿದರು.

ಮುಖಕ್ಕೆ ಹಚ್ಚಿದ್ದು ಮುಖದಲ್ಲೇ ಉಳಿಯುತ್ತದೆ ಅನ್ನೋದು ಸುಳ್ಳು. ಹೈಡ್ರೋಕ್ವಿನೋನ್ ಹಚ್ಚಿದ್ದರಲ್ಲಿ ಶೇ 35ರಿಂದ 45ರಷ್ಟು ಮೈಗೆ ಸೇರುತ್ತದೆ ಅಂತ ನನ್ನ ಡಾಕ್ಟರು ಹೇಳಿದರು. ಟ್ರೆಟಿನಾಯಿನ್ ಒಳಗೆ ಹೋಗುವುದು ತೀರಾ ಕಡಿಮೆ, ಆದರೆ ಅದೇ ಜಾತಿಯ ಐಸೊಟ್ರೆಟಿನಾಯಿನ್ ಅನ್ನೋ ಮೊಡವೆ ಮಾತ್ರೆ ಹೊಟ್ಟೆಯಲ್ಲಿರುವ ಮಗುವಿನ ಅಂಗಗಳನ್ನೇ ಕೆಡಿಸುತ್ತದೆ, ಅದಕ್ಕೇ ಈ ಕ್ರೀಮನ್ನೂ ಗರ್ಭಿಣಿಯರಿಗೆ ಬರೆಯುವುದಿಲ್ಲ. ಗಾಬರಿ ಬೇಡ, ಇವತ್ತೇ ನಿಲ್ಲಿಸಿ ಅಂದರು. ಸ್ಕ್ಯಾನಿಂಗ್ ಸರಿಯಾಗಿ ಬಂತು. ಅದು ಬರೋವರೆಗೆ ನಾನು, ನನ್ನ ಗಂಡ, ನಮ್ಮಮ್ಮ ಕಳೆದ ರಾತ್ರಿಗಳಿಗೆ ಯಾರು ಲೆಕ್ಕ ಕೊಡುತ್ತಾರೆ?

ಲೇಬಲ್ ಇಲ್ಲದ್ದರಲ್ಲಿ ಪಾದರಸವೂ ಇರಬಹುದು. 2023ರಲ್ಲಿ ಕೇರಳದ ಮಲಪ್ಪುರಂ ಕಡೆ ಪಾದರಸ ಇದ್ದ ಬೆಳ್ಳಗಾಗುವ ಕ್ರೀಮ್ ಹಚ್ಚಿದ ಕೆಲವರಿಗೆ ಕಿಡ್ನಿಗೇ ಪೆಟ್ಟು ಬಿದ್ದಿತ್ತು. ಪಾದರಸ ಮಗುವಿಗೂ ದಾಟುತ್ತದೆ.

ಹೆರಿಗೆ ಆದಮೇಲೆ ಬಂಗು ಎಷ್ಟೋ ಜನಕ್ಕೆ ತಾನಾಗಿಯೇ ತಿಳಿಯಾಗುತ್ತದೆ. ಅಲ್ಲಿವರೆಗೆ ಜಿಂಕ್ ಆಕ್ಸೈಡ್ ಇರುವ ಸನ್‌ಸ್ಕ್ರೀನ್, ಬಿಸಿಲಿಗೆ ಕೊಡೆ ಸಾಕು. ಬೇರೆ ಏನೇ ಹಚ್ಚುವುದಿದ್ದರೂ ಡಾಕ್ಟರನ್ನು ಕೇಳಿ, ಪಾರ್ಲರಿನವರನ್ನಲ್ಲ.

ಡಬ್ಬಿ, ಮೆಸೇಜು ಎಲ್ಲ ಇಟ್ಟುಕೊಂಡಿದ್ದೇನೆ, ಡ್ರಗ್ ಇನ್ಸ್‌ಪೆಕ್ಟರಿಗೆ ದೂರು ಕೊಡುತ್ತಿದ್ದೇನೆ. ನಿಮ್ಮ ಹತ್ತಿರ ಇಂಥ ಡಬ್ಬಿ ಇದ್ದರೆ ಹಚ್ಚುವುದು ನಿಲ್ಲಿಸಿ, ಆದರೆ ಎಸೆಯಬೇಡಿ. ಡಾಕ್ಟರಿಗೆ ತೋರಿಸಲು ಬೇಕಾಗುತ್ತದೆ.