128 ಜಿಬಿ ರ‍್ಯಾಮ್ ಅಂತ ಕಟ್ಟಿ ಕಳಿಸುತ್ತಾರೆ, ಹುಷಾರು

ಆಫೀಸಿಗೆ ಕಂಪ್ಯೂಟರ್ ತರಲು ಬೆಂಗಳೂರಿನ ಎಸ್‌.ಪಿ. ರೋಡಿಗೆ ಹೊರಟಿದ್ದರೆ ಇದನ್ನು ಓದಿಕೊಂಡು ಹೋಗಿ. ನನಗಿನ್ನೂ ಸಿಟ್ಟು ಇಳಿದಿಲ್ಲ.

ವಿಜಯನಗರದಲ್ಲಿ ನನ್ನದು ಸಣ್ಣ ಆಫೀಸು. ಮನೆ ಪ್ಲ್ಯಾನ್ ಹಾಕುವ ಕೆಲಸ, ಆಟೋಕ್ಯಾಡ್ ಅನ್ನೋ ಡ್ರಾಯಿಂಗ್ ಸಾಫ್ಟ್‌ವೇರ್‌ನಲ್ಲಿ, ಬರೀ 2ಡಿ. ಅಂಗಡಿಯಲ್ಲಿ ಮೊದಲು ಹೇಳಿದ್ದೇ ಇದನ್ನು. "ಕ್ಯಾಡ್ ಅಂದ್ರೆ ವರ್ಕ್‌ಸ್ಟೇಷನ್ನೇ ಬೇಕು ಸಾರ್. 128 ಜಿಬಿ ರ‍್ಯಾಮ್, ಜಿಯಾನ್ ಪ್ರೊಸೆಸರ್. ಹತ್ತು ವರ್ಷ ಚಿಂತೆ ಇಲ್ಲ" ಅಂದ ಅಂಗಡಿಯವನು. (ವರ್ಕ್‌ಸ್ಟೇಷನ್ ಅಂದರೆ ಭಾರೀ ಕೆಲಸದ ಕಂಪ್ಯೂಟರ್, ರ‍್ಯಾಮ್ ಅಂದರೆ ತೆರೆದ ಫೈಲ್‌ಗಳು ಕೂರುವ ಮೆಮೊರಿ, ಜಿಯಾನ್ ಅಂದರೆ ಅಂಥ ಮಷಿನ್‌ಗೆ, ಸರ್ವರ್‌ಗೆ ಇಂಟೆಲ್‌ನವರು ಮಾಡುವ ಪ್ರೊಸೆಸರ್.) ಹೊಸದಾ ಅಂತ ಕೇಳಿದೆ. "ಪ್ಯಾಕ್ಡ್ ಪೀಸ್ ಸಾರ್" ಅಂದ.

ತಂದು ಕೂರಿಸಿದರೆ ಹಳೇ ಸಿಸ್ಟಂಗಿಂತ ನಿಧಾನ! ಮನೆ ಕಟ್ಟಿಸುವವರು ಎದುರಿಗೆ ಕೂತಿದ್ದರು, ಡ್ರಾಯಿಂಗ್ ತೆರೆಯದೆ ಚಕ್ರ ತಿರುಗುತ್ತಲೇ ಇತ್ತು. ಆಫೀಸಿನ ಹುಡುಗ ಟಾಸ್ಕ್ ಮ್ಯಾನೇಜರ್ ತೆರೆದ. ಎಲ್ಲಾ ಫೈಲ್ ತೆರೆದಿಟ್ಟರೂ 128ರಲ್ಲಿ ಬಳಕೆಯಾಗಿದ್ದು 11 ಜಿಬಿ. ಪ್ರೊಸೆಸರ್ ಇ5-2680 ವಿ4, ಅಂದರೆ 2016ರ ಸರ್ವರ್ ಚಿಪ್. 14 ಕೋರ್ (ಲೆಕ್ಕ ಮಾಡುವ ಭಾಗ) ಇದೆ, ನಿಜ. ಆದರೆ ಆಟೋಕ್ಯಾಡ್ ಹೆಚ್ಚಿನ ಕೆಲಸ ಮಾಡೋದು ಒಂದೇ ಕೋರ್‌ನಲ್ಲಿ. ಆ ಒಂದು ಕೋರ್ ವೇಗವಾಗಿರಬೇಕು. ಇದರದ್ದು ಶುರುವಾಗೋದೇ 2.4 ಗಿಗಾಹರ್ಟ್ಸ್‌ನಿಂದ. ಬಂದವರ ಮುಂದೆ ನನ್ನ ಮುಖ ಎಲ್ಲಿಡಲಿ?

ಅಂಗಡಿಯವನಿಗೆ ಫೋನ್ ಮಾಡಿದೆ. "ರ‍್ಯಾಮ್ ಖಾಲಿ ಇದ್ರೆ ಒಳ್ಳೇದಲ್ವಾ ಸಾರ್, ಮುಂದಕ್ಕೆ ಆಗುತ್ತೆ." ಹಳೇ ಚಿಪ್ ಯಾಕೆ ಕೊಟ್ಟಿರಿ ಅಂದರೆ, "ಯಾವ ವರ್ಷದ್ದು ಅಂತ ನೀವು ಕೇಳಲಿಲ್ಲ." ಸರಿ, ಅರ್ಧ ರ‍್ಯಾಮ್ ಆದರೂ ವಾಪಸ್ ತಗೊಳ್ಳಿ ಅಂದೆ. ಆಗ ಬಂದ ಮಾತು ಕೇಳಿ: "ಅದು ಸರ್ವರ್ ರ‍್ಯಾಮ್ ಸಾರ್, ಮಾಮೂಲಿ ಬೋರ್ಡಿಗೆ ಹಾಕಿದ್ರೆ ಆನ್ ಆಗಲ್ಲ. ನಾನು ಯಾರಿಗೆ ಮಾರಲಿ?" ಅಂದರೆ ಎಲ್ಲಾ ಗೊತ್ತಿತ್ತು! ಯಾರಿಗೂ ಮಾರಲಾಗದ್ದನ್ನು ನನಗೆ ಮಾರಿದ್ದಾನೆ.

ಅಷ್ಟು ರ‍್ಯಾಮ್ ಬೇಕಾದವರು ಖಂಡಿತ ಇದ್ದಾರೆ. ಸಿನಿಮಾ ವಿಎಫ್‌ಎಕ್ಸ್ ಮಾಡುವವರು, ದೊಡ್ಡ ಸಿಮ್ಯುಲೇಷನ್ ಓಡಿಸುವವರು, ಲೇಸರ್ ಸ್ಕ್ಯಾನ್ ಡೇಟಾ ಜೋಡಿಸುವವರು, ಒಂದೇ ಮಷಿನ್‌ನಲ್ಲಿ ಹತ್ತಾರು ವರ್ಚುವಲ್ ಮಷಿನ್ ಇಡುವವರು. ಮನೆ ಪ್ಲ್ಯಾನ್, ಟ್ಯಾಲಿ, ಮದುವೆ ಆಲ್ಬಮ್ಮಿಗೆಲ್ಲ ಬೇಕಿಲ್ಲ. ಆಟೋಕ್ಯಾಡ್ 2024ಕ್ಕೆ ಅದನ್ನು ಮಾಡುವ ಆಟೋಡೆಸ್ಕ್‌ನವರೇ ಕನಿಷ್ಠ 8, ಚೆನ್ನಾಗಿ ಓಡಲು 32 ಜಿಬಿ ಅನ್ನುತ್ತಾರೆ.

ಈಗಿರುವ ಸಿಸ್ಟಂನಲ್ಲಿ ನಿಮ್ಮ ಅತಿ ಭಾರದ ಫೈಲ್ ತೆರೆದು, ಟಾಸ್ಕ್ ಮ್ಯಾನೇಜರ್‌ನಲ್ಲಿ ಮೆಮೊರಿ ಎಷ್ಟು ಹೋಗಿದೆ ನೋಡಿಕೊಳ್ಳಿ. ಆಮೇಲೆ ಅಂಗಡಿಗೆ ಹೋಗಿ. ಬಿಲ್ಲಿನಲ್ಲಿ ಪ್ರೊಸೆಸರ್‌ನ ಪೂರ್ತಿ ನಂಬರ್ ಬರೆಸದೆ ದುಡ್ಡು ಕೊಡಬೇಡಿ. ನನ್ನ ಬಿಲ್ಲಿನಲ್ಲಿ ಇರೋದು ಇಷ್ಟೇ: "ವರ್ಕ್‌ಸ್ಟೇಷನ್ 128 ಜಿಬಿ". ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಟ್ಟಿದ್ದೇನೆ. ವಿಷಯ ಗೊತ್ತಾದ ಮೇಲೆ ಆತನೇ ಫೋನ್ ಮಾಡಿದ. ದುಡ್ಡು ವಾಪಸ್ ಕೊಡುವ ಮಾತೇ ಇಲ್ಲ. "ಒಂದು ಗ್ರಾಫಿಕ್ಸ್ ಕಾರ್ಡ್ ಹಾಕಿಸಿಬಿಡಿ ಸಾರ್, ಸರಿ ಹೋಗುತ್ತೆ" ಅನ್ನುತ್ತಾನೆ.