ಸ್ಟೀಮ್‌ನ ಉಡುಗೊರೆ ವ್ಯವಸ್ಥೆ: ಕೊಡುವವರಿಗೂ ಪಡೆಯುವವರಿಗೂ ಎಷ್ಟು ಅನುಕೂಲ?

ಕಂಪ್ಯೂಟರ್ ಆಟಗಳನ್ನು ಮಾರುವ ಸ್ಟೀಮ್ ಅಂಗಡಿಯಲ್ಲಿ ನಮಗಾಗಿ ಆಟ ಕೊಳ್ಳುವಷ್ಟೇ ಸುಲಭವಾಗಿ ಇನ್ನೊಬ್ಬರಿಗಾಗಿಯೂ ಕೊಂಡು ಕಳುಹಿಸಬಹುದು. ಅಮೆರಿಕದ ವ್ಯಾಲ್ವ್ ಕಂಪನಿ 2003ರಲ್ಲಿ ಆರಂಭಿಸಿದ ಈ ಅಂಗಡಿಯು 2015ರ ನವೆಂಬರ್‌ನಿಂದ ಭಾರತದವರಿಗೆ ರೂಪಾಯಿಯಲ್ಲೇ ಬೆಲೆ ತೋರಿಸುತ್ತಿದೆ. ಯುಪಿಐ ಮೂಲಕ ಹಣ ಕಟ್ಟುವ ಸೌಲಭ್ಯವೂ ಸೇರಿಕೊಂಡ ಮೇಲೆ, ಕ್ರೆಡಿಟ್ ಕಾರ್ಡ್ ಇಲ್ಲದ ಕಾಲೇಜು ವಿದ್ಯಾರ್ಥಿಯೂ ಗೆಳೆಯನ ಹುಟ್ಟುಹಬ್ಬಕ್ಕೆ ಒಂದು ಆಟ ಕೊಡಿಸಬಹುದಾಗಿದೆ. ಮೈಸೂರಿನಲ್ಲಿರುವ ತಮ್ಮನಿಗೂ ಪುಣೆಯಲ್ಲಿ ಕೆಲಸಕ್ಕಿರುವ ಸ್ನೇಹಿತರಿಗೂ ಹೊರದೇಶದ ನೆಂಟರಿಗೂ ಈ ದಾರಿಯಲ್ಲಿ ಉಡುಗೊರೆ ಕಳುಹಿಸುತ್ತ ಬಂದಿರುವ ನನಗೆ, ಇದು ಬಹಳ ಯೋಚಿಸಿ ಕಟ್ಟಿದ ವ್ಯವಸ್ಥೆ ಎನ್ನಿಸಿದೆ. ಬೇಡವೆನ್ನುವ ಸ್ವಾತಂತ್ರ್ಯವನ್ನು ಅದು ಪಡೆಯುವವರಿಗೆ ಉಳಿಸಿರುವುದೇ ಅದಕ್ಕೆ ಮುಖ್ಯ ಕಾರಣ. ದೇಶದ ಗಡಿ ದಾಟುವಾಗ ಮಾತ್ರ ಅದು ಬಿಗಿಯಾಗುತ್ತದೆ, ಮತ್ತು ಆ ಬಿಗಿ ನಮ್ಮಂಥ ಕುಟುಂಬಗಳಿಗೆ ನೇರವಾಗಿ ತಟ್ಟುತ್ತದೆ.

ಕೊಡುವ ಕ್ರಮ ಸರಳವಾಗಿದೆ. ಆಟವನ್ನು ಕಾರ್ಟಿಗೆ ಸೇರಿಸಿ, ಅದು ಉಡುಗೊರೆಯೆಂದು ಗುರುತಿಸಿ, ನಮ್ಮ ಫ್ರೆಂಡ್ಸ್ ಲಿಸ್ಟಿನಲ್ಲಿರುವ ಒಬ್ಬರನ್ನು ಆರಿಸಿ, ಒಂದು ಚಿಕ್ಕ ಸಂದೇಶ ಬರೆದು ಹಣ ಕಟ್ಟಿದರೆ ಕೆಲಸ ಮುಗಿಯಿತು. 2024ರಲ್ಲಿ ಕಾರ್ಟನ್ನು ಹೊಸದಾಗಿ ರೂಪಿಸಿದ ಮೇಲೆ, ನಮಗೆ ಬೇಕಾದ ಆಟವನ್ನೂ ಬೇರೆ ಬೇರೆ ಗೆಳೆಯರಿಗೆ ಕಳುಹಿಸುವ ಆಟಗಳನ್ನೂ ಒಂದೇ ಪಾವತಿಯಲ್ಲಿ ಕೊಳ್ಳಬಹುದು. ಮೊದಲು ಪ್ರತಿಯೊಬ್ಬರಿಗೂ ಬೇರೆ ಬೇರೆಯಾಗಿ ಹಣ ಕಟ್ಟಬೇಕಾಗಿದ್ದ ಕಿರಿಕಿರಿ ಇದರಿಂದ ತಪ್ಪಿದೆ. ಗೆಳೆಯರು ತಮ್ಮ ವಿಶ್‌ಲಿಸ್ಟನ್ನು ಮರೆಮಾಡದೆ ಇಟ್ಟಿದ್ದರೆ ಅವರಿಗೆ ಏನು ಬೇಕೆಂಬುದನ್ನು ಅಲ್ಲೇ ನೋಡಿಕೊಳ್ಳಬಹುದು. ಅಂಗಡಿಯ ಪುಟಗಳು ಕನ್ನಡದಲ್ಲಿ ಸಿಗುವುದಿಲ್ಲವೆಂಬುದು ನನಗೆ ಬೇಸರದ ವಿಷಯವೇ. ಆದರೂ ಉಡುಗೊರೆಯ ಜೊತೆಗಿನ ಸಂದೇಶವನ್ನು ನಾನು ಕನ್ನಡದಲ್ಲೇ ಬರೆಯುತ್ತೇನೆ, ಓದುವವರಿಗೆ ಅದು ಸರಿಯಾಗಿಯೇ ಕಾಣಿಸುತ್ತದೆ.

ಈ ವ್ಯವಸ್ಥೆ ಹಿಂದೆ ಹೀಗಿರಲಿಲ್ಲ. 2017ರ ಮೇ ತಿಂಗಳವರೆಗೆ ಉಡುಗೊರೆಯ ಪ್ರತಿಯನ್ನು ಕೊಂಡು ನಮ್ಮ ಇನ್ವೆಂಟರಿಯಲ್ಲಿ, ಅಂದರೆ ಖಾತೆಯ ಉಗ್ರಾಣದಲ್ಲಿ, ಇಟ್ಟುಕೊಂಡು, ಬೇಕಾದಾಗ ಬೇಕಾದವರಿಗೆ ಕೊಡಬಹುದಾಗಿತ್ತು. ಇಮೇಲ್ ವಿಳಾಸಕ್ಕೂ ಕಳುಹಿಸಬಹುದಾಗಿತ್ತು. ರಿಯಾಯಿತಿಯ ಕಾಲದಲ್ಲಿ ಹಲವು ಪ್ರತಿಗಳನ್ನು ಕೊಂಡಿಟ್ಟು ವರ್ಷವಿಡೀ ಹಂಚುತ್ತಿದ್ದ ಧಾರಾಳಿಗಳು ಆಗ ಇದ್ದರು. ಆದರೆ ಅದೇ ಸೌಲಭ್ಯವನ್ನು ಬಳಸಿ, ಬೆಲೆ ಕಡಿಮೆಯಿರುವ ದೇಶದಲ್ಲಿ ಕೊಂಡ ಪ್ರತಿಗಳನ್ನು ಬೆಲೆ ಹೆಚ್ಚಿರುವ ದೇಶದವರಿಗೆ ಮಾರುವ ವ್ಯಾಪಾರವೂ ಬೆಳೆದಿತ್ತು. ವ್ಯಾಲ್ವ್ ಇನ್ವೆಂಟರಿಯಲ್ಲಿ ಇಡುವ, ಇಮೇಲ್‌ಗೆ ಕಳುಹಿಸುವ ಎರಡೂ ದಾರಿಗಳನ್ನು ಮುಚ್ಚಿ, ಉಡುಗೊರೆಯು ಕೊಡುವವರಿಂದ ಪಡೆಯುವವರ ಖಾತೆಗೆ ನೇರವಾಗಿಯೇ ಹೋಗಬೇಕೆಂದು ನಿಯಮ ಮಾಡಿತು. ಹಳೆಯ ಆಟಗಾರರಲ್ಲಿ ಹಲವರು ಇಂದಿಗೂ ಆ ಬದಲಾವಣೆಯನ್ನು ದೂರುತ್ತಾರೆ. ಕೊಂಡಿಟ್ಟುಕೊಳ್ಳುವ ಅನುಕೂಲ ಹೋದದ್ದು ನಷ್ಟವೆಂಬುದನ್ನು ಒಪ್ಪುತ್ತೇನೆ, ಆದರೆ ಅದರ ಬದಲಿಗೆ ಬಂದದ್ದು ಅದಕ್ಕಿಂತ ಬೆಲೆಯುಳ್ಳದ್ದು ಎಂದೇ ನನ್ನ ಅಭಿಪ್ರಾಯ.

ಬಂದದ್ದು ನಿರಾಕರಿಸುವ ಅವಕಾಶ. ಉಡುಗೊರೆ ತಲುಪಿದವರು ಅದನ್ನು ಸ್ವೀಕರಿಸಬಹುದು, ಇಲ್ಲವೇ ಬೇಡವೆನ್ನಬಹುದು. ಬೇಡವೆಂದರೆ ಆ ಹಣ ಕೊಟ್ಟವರಿಗೆ ಹಿಂತಿರುಗುತ್ತದೆ. ಮದುವೆ ಮನೆಯಲ್ಲಿ ಬಂದ ಮೂರನೆಯ ಗೋಡೆ ಗಡಿಯಾರವನ್ನು ಯಾರಿಗೆ ದಾಟಿಸುವುದೆಂದು ಯೋಚಿಸುವ ಫಜೀತಿ ಇಲ್ಲಿಲ್ಲ. ಯಾರೋ ಕೊಟ್ಟ ಆಟ ತನ್ನ ರುಚಿಗೆ ಒಗ್ಗದು ಎಂದು ಗೊತ್ತಿದ್ದೂ ದಾಕ್ಷಿಣ್ಯಕ್ಕೆ ಇಟ್ಟುಕೊಳ್ಳಬೇಕಾಗಿಲ್ಲ, ಮತ್ತು ಕೊಟ್ಟವರ ದುಡ್ಡು ವ್ಯರ್ಥವಾಯಿತೆಂಬ ಸಂಕೋಚವೂ ಉಳಿಯುವುದಿಲ್ಲ. ಬಳಗದಲ್ಲಿ ಕಿರಿಯರು ಹಿರಿಯರಿಗೆ ಬೇಡವೆನ್ನುವುದು ಕಷ್ಟವಾಗಿರುವ ನಮ್ಮಲ್ಲಿ ಈ ಸೌಕರ್ಯ ನಿಜಕ್ಕೂ ಉಪಕಾರಿ. ಸ್ವೀಕರಿಸಿದ ಮೇಲೂ ಒಂದು ಅವಕಾಶ ಉಳಿದಿರುತ್ತದೆ: ಕೊಂಡ 14 ದಿನಗಳೊಳಗೆ, 2 ಗಂಟೆಗಿಂತ ಕಡಿಮೆ ಆಡಿದ್ದರೆ ರೀಫಂಡ್ ಕೇಳಬಹುದು ಎಂಬ ಸ್ಟೀಮ್‌ನ ಸಾಮಾನ್ಯ ನಿಯಮ ಉಡುಗೊರೆಗೂ ಅನ್ವಯಿಸುತ್ತದೆ. ಸ್ವೀಕರಿಸಿದ ಉಡುಗೊರೆಗೆ ರೀಫಂಡ್ ಕೋರಿಕೆಯನ್ನು ಪಡೆದವರೇ ಸಲ್ಲಿಸಬೇಕು, ಹಣ ಮಾತ್ರ ಕೊಂಡವರಿಗೆ ಸೇರುತ್ತದೆ. ಕೊಟ್ಟವರು ಮನಸ್ಸು ಬದಲಿಸಿ, ಸ್ವೀಕರಿಸಿಯಾದ ಆಟವನ್ನು ಪಡೆದವರ ಇಚ್ಛೆಗೆ ವಿರುದ್ಧವಾಗಿ ವಾಪಸ್ಸು ಪಡೆಯಲು ಬಾರದಂತೆ ಮಾಡಿರುವ ಈ ಏರ್ಪಾಡು ಬಹಳ ಸರಿಯಾದದ್ದು.

ಉಡುಗೊರೆ ತಲುಪಬೇಕಾದ ದಿನವನ್ನು ಮುಂಚಿತವಾಗಿಯೇ ಗೊತ್ತುಮಾಡುವ ಸೌಲಭ್ಯವೂ 2017ರ ಬದಲಾವಣೆಯಲ್ಲೇ ಬಂತು. ಸ್ಟೀಮ್‌ನ ದೊಡ್ಡ ರಿಯಾಯಿತಿ ಮಾರಾಟಗಳು ಜೂನ್ ಕೊನೆಯಲ್ಲಿಯೂ ಡಿಸೆಂಬರ್ ಕೊನೆಯಲ್ಲಿಯೂ ನಡೆಯುತ್ತವೆ, ನಮ್ಮ ಹಬ್ಬಗಳೂ ಹುಟ್ಟುಹಬ್ಬಗಳೂ ಆ ಲೆಕ್ಕಕ್ಕೆ ಸಿಗುವುದಿಲ್ಲ. ಡಿಸೆಂಬರಿನ ಬೆಲೆಗೆ ಕೊಂಡ ಆಟವನ್ನು ಯುಗಾದಿಯ ದಿನ ತಲುಪುವಂತೆ ಇಡಬಹುದೆಂದರೆ, ಇನ್ವೆಂಟರಿಯಲ್ಲಿ ಕೊಂಡಿಡುತ್ತಿದ್ದ ಹಳೆಯ ಅನುಕೂಲದ ಒಂದು ಭಾಗ ಹೀಗೆ ಮರಳಿ ಸಿಕ್ಕಂತಾಯಿತು. ಒಂದು ಎಚ್ಚರಿಕೆ ಅಗತ್ಯ: ರೀಫಂಡಿನ 14 ದಿನಗಳನ್ನು ಕೊಂಡ ದಿನದಿಂದ ಎಣಿಸುವುದರಿಂದ, ತಿಂಗಳುಗಳ ಮುಂದಕ್ಕೆ ಇಟ್ಟ ಉಡುಗೊರೆಯನ್ನು ಸ್ವೀಕರಿಸಿ ಆಡಿ ನೋಡಿ ಹಿಂತಿರುಗಿಸುವ ಅವಕಾಶವನ್ನು ನೆಚ್ಚಿಕೊಳ್ಳಬಾರದು. ಅಂಥ ಉಡುಗೊರೆಗೆ ವಿಶ್‌ಲಿಸ್ಟಿನಲ್ಲಿರುವ ಆಟವನ್ನೇ ಆರಿಸುವುದು ಒಳ್ಳೆಯದು.

ಇನ್ನು ಗಡಿಯ ವಿಷಯ. ಕರ್ನಾಟಕದ ಎಷ್ಟೋ ಮನೆಗಳಲ್ಲಿ ಅಣ್ಣನೋ ಅಕ್ಕನೋ ಅಮೆರಿಕದಲ್ಲಿ, ಜರ್ಮನಿಯಲ್ಲಿ, ಆಸ್ಟ್ರೇಲಿಯಾದಲ್ಲಿ ಇದ್ದಾರೆ, ಮತ್ತು ರಾತ್ರಿ ಹಗಲಿನ ವ್ಯತ್ಯಾಸವನ್ನು ದಾಟಿ ಜೊತೆಯಾಗಿ ಆಡುವ ಒಂದು ಆಟವೇ ಕೆಲವರಿಗೆ ವಾರದ ಮಾತುಕತೆಯ ನೆಪ. ಸ್ಟೀಮ್‌ನಲ್ಲಿ ಒಂದೇ ಆಟಕ್ಕೆ ದೇಶದಿಂದ ದೇಶಕ್ಕೆ ಬೇರೆ ಬೆಲೆ ಇರುತ್ತದೆ; ಭಾರತದ ಬೆಲೆ ಅಮೆರಿಕದ ಬೆಲೆಗಿಂತ ಬಹಳ ಕಡಿಮೆಯಿರುವ ಆಟಗಳು ಸಾಕಷ್ಟಿವೆ. ಎರಡು ದೇಶಗಳ ಬೆಲೆಯಲ್ಲಿ ದೊಡ್ಡ ಅಂತರವಿದ್ದರೆ ಉಡುಗೊರೆ ಕಳುಹಿಸಲು ಬರುವುದಿಲ್ಲ. ಹೀಗಾಗಿ ಮಂಗಳೂರಿನ ತಂಗಿ ತನ್ನ ಮೊದಲ ಸಂಬಳದಲ್ಲಿ ಡಲ್ಲಾಸ್‌ನ ಅಣ್ಣನಿಗೆ ಒಂದು ಆಟ ಕೊಡಿಸಲು ಹೋದಾಗ, ಅಂಗಡಿಯು ಇದು ಸಾಧ್ಯವಿಲ್ಲ ಎಂದು ತಿಳಿಸುವ ಸಂದರ್ಭ ಬಹಳ. ಹಣ ಕಟ್ಟುವ ಮೊದಲೇ ತಿಳಿಸುತ್ತದೆ, ಕಟ್ಟಿದ ಮೇಲೆ ಸತಾಯಿಸುವುದಿಲ್ಲ ಎಂಬುದು ಸಮಾಧಾನದ ಸಂಗತಿ. ಕಳುಹಿಸಲು ಸಾಧ್ಯವಾದ ಉಡುಗೊರೆಯು ಪಡೆದವರ ಖಾತೆಯಲ್ಲಿ ಖಂಡಿತ ನಡೆಯುತ್ತದೆ ಎಂಬ ಭರವಸೆಯೂ ಇದೆ. ಮಾರಾಟಗಾರರ ದುರುಪಯೋಗವನ್ನು ತಡೆಯಲು ಈ ನಿಯಮ ಬೇಕೆಂಬುದು ನನಗೆ ಅರ್ಥವಾಗುತ್ತದೆ. ಹಾಗಿದ್ದರೂ ವರ್ಷಗಳಿಂದ ಫ್ರೆಂಡ್ಸ್ ಲಿಸ್ಟಿನಲ್ಲಿರುವ ಒಬ್ಬರಿಗೆ ವರ್ಷಕ್ಕೆ ಒಂದೆರಡು ಆಟ ಕಳುಹಿಸುವವರನ್ನೂ ಪ್ರತಿಗಳನ್ನು ಸಗಟಾಗಿ ಸಾಗಿಸುವವರನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ನ್ಯಾಯವಲ್ಲ. ಎರಡು ದೇಶಗಳ ಬೆಲೆಯ ಅಂತರವನ್ನು ಕೊಡುವವರೇ ತುಂಬಿಕೊಡಲು ಅವಕಾಶ ಕೊಟ್ಟಿದ್ದರೂ ನಾನು ಸಂತೋಷದಿಂದ ಒಪ್ಪುತ್ತಿದ್ದೆ.

ಈ ತೊಡಕಿಗೆ ಸ್ಟೀಮ್ ಒದಗಿಸಿರುವ ಪರ್ಯಾಯವೆಂದರೆ ಡಿಜಿಟಲ್ ಗಿಫ್ಟ್ ಕಾರ್ಡ್. ನಿಗದಿತ ಮೊತ್ತಗಳಲ್ಲಿ ಸಿಗುವ ಈ ಕಾರ್ಡಿನ ಹಣವು ಪಡೆಯುವವರ ದೇಶದ ನಾಣ್ಯಕ್ಕೆ ಪರಿವರ್ತನೆಯಾಗಿ ಅವರ ಸ್ಟೀಮ್ ವ್ಯಾಲೆಟ್‌ಗೆ ಸೇರುತ್ತದೆ. ಇದನ್ನು ಕಳುಹಿಸಬೇಕೆಂದರೆ ಇಬ್ಬರೂ ಕನಿಷ್ಠ 3 ದಿನಗಳಿಂದ ಸ್ಟೀಮ್ ಗೆಳೆಯರಾಗಿರಬೇಕು; ಆದ್ದರಿಂದ ಹುಟ್ಟುಹಬ್ಬದ ದಿನವೇ ಪರಸ್ಪರ ಸೇರಿಸಿಕೊಂಡು ಕಳುಹಿಸುತ್ತೇವೆಂದರೆ ಆಗುವುದಿಲ್ಲ. ಕೆಲಸಕ್ಕೆ ಇದು ಸಾಕಾಗುತ್ತದೆ. ಆದರೆ ಇವರಿಗೆ ಈ ಆಟ ಹಿಡಿಸುತ್ತದೆ ಎಂದು ಯೋಚಿಸಿ ಆರಿಸಿದ ಉಡುಗೊರೆಗೂ ಲಕೋಟೆಯಲ್ಲಿ ಇಟ್ಟು ಕೊಟ್ಟ ಹಣಕ್ಕೂ ವ್ಯತ್ಯಾಸವಿದೆಯೆಂಬುದನ್ನು ಯಾರೂ ಅಲ್ಲಗಳೆಯಲಾರರು.

ಹೊಸಬರನ್ನು ಆಟಕ್ಕೆ ಕರೆತರಲು ಉಡುಗೊರೆ ಕೊಡುವವರು ಇನ್ನೊಂದು ನಿಯಮವನ್ನು ತಿಳಿದಿರಬೇಕು. ಸ್ಟೀಮ್‌ನಲ್ಲಿ 5 ಡಾಲರಿಗೆ ಸಮನಾದ ಮೊತ್ತವನ್ನಾದರೂ ಖರ್ಚು ಮಾಡದ ಖಾತೆಗಳಿಗೆ ಕೆಲವು ಮಿತಿಗಳಿರುತ್ತವೆ. ಅಂಥ ಖಾತೆಯವರು ಗೆಳೆತನದ ಆಹ್ವಾನವನ್ನು ತಾವಾಗಿ ಕಳುಹಿಸಲಾರರು. ಆದ್ದರಿಂದ ಆಹ್ವಾನವನ್ನು ಹಳಬರೇ ಕಳುಹಿಸಬೇಕು. ಪಡೆದ ಉಡುಗೊರೆಯು ಈ ಲೆಕ್ಕಕ್ಕೆ ಬರುವುದಿಲ್ಲವಾದ್ದರಿಂದ, ಎಷ್ಟೇ ದುಬಾರಿ ಆಟ ಕೊಟ್ಟರೂ ಹೊಸಬರ ಖಾತೆಯ ಮಿತಿ ಹಾಗೆಯೇ ಉಳಿಯುತ್ತದೆ. ಮೋಸದ ಖಾತೆಗಳನ್ನು ತಡೆಯುವ ಉದ್ದೇಶ ಒಳ್ಳೆಯದಾದರೂ, ಈ ವಿಷಯವನ್ನು ಉಡುಗೊರೆಯ ಪುಟದಲ್ಲೇ ಒಂದು ಸಾಲಿನಲ್ಲಿ ಹೇಳಿದ್ದರೆ ಎಷ್ಟೋ ಜನರ ಗೊಂದಲ ತಪ್ಪುತ್ತಿತ್ತು. ಮಕ್ಕಳಿಗೆ ಕೊಡುವವರು ಮೊದಲು ತಂದೆ ತಾಯಿಯರ ಜೊತೆ ಮಾತನಾಡಬೇಕೆಂದು ಒತ್ತಿ ಹೇಳುತ್ತೇನೆ. ಸ್ಟೀಮ್ ಖಾತೆ ತೆರೆಯಲು 13 ವರ್ಷ ತುಂಬಿರಬೇಕು, ಮತ್ತು ಯಾವ ಆಟ ಯಾವ ವಯಸ್ಸಿಗೆ ಎಂಬುದನ್ನು ಮನೆಯವರೇ ತೀರ್ಮಾನಿಸುವುದು ಸರಿ.

ಉಡುಗೊರೆಯನ್ನು ಆರಿಸುವ ಮೊದಲು, ಎರಡನೆಯ ಪ್ರತಿ ನಿಜವಾಗಿ ಬೇಕೇ ಎಂದು ನೋಡುವುದು ಉಚಿತ. 2021ರಲ್ಲಿ ಬಂದ ಇಟ್ ಟೇಕ್ಸ್ ಟೂ ಇಬ್ಬರೇ ಆಡಬೇಕಾದ ಆಟ. ಅದರಲ್ಲಿ ಫ್ರೆಂಡ್ಸ್ ಪಾಸ್ ಇರುವುದರಿಂದ ಒಬ್ಬರು ಕೊಂಡರೆ ಇನ್ನೊಬ್ಬರು ಹಣ ಕೊಡದೆ ಜೊತೆಗೂಡಬಹುದು. ಒಂದೇ ಪರದೆಯ ಮುಂದೆ ಕುಳಿತು ಇಬ್ಬರು ಆಡುವ ಆಟಗಳನ್ನು ದೂರದಲ್ಲಿದ್ದೇ ಇಂಟರ್ನೆಟ್ ಮೂಲಕ ಆಡಲು ಸ್ಟೀಮ್‌ನ ರಿಮೋಟ್ ಪ್ಲೇ ಟುಗೆದರ್ ಸೌಲಭ್ಯ 2019ರಿಂದ ಇದೆ. ಒಬ್ಬರ ಬಳಿ ಆಟವಿದ್ದರೆ ಸಾಕು, ಆದರೆ ಅವರ ಇಂಟರ್ನೆಟ್ ವೇಗ ಚೆನ್ನಾಗಿರಬೇಕು. ಸ್ಟಾರ್‌ಡ್ಯೂ ವ್ಯಾಲಿಯಂಥ ಆಟವನ್ನು ಇಂಟರ್ನೆಟ್ಟಿನಲ್ಲಿ ಜೊತೆಯಾಗಿ ಆಡಲು ಇಬ್ಬರ ಬಳಿಯೂ ಪ್ರತಿ ಇರಬೇಕಾದ್ದರಿಂದ ಅದು ಅರ್ಥವುಳ್ಳ ಉಡುಗೊರೆ. ಅದಕ್ಕೆ 500 ಎಂಬಿ ಜಾಗ ಸಾಕು, ಹಳೆಯ ಲ್ಯಾಪ್‌ಟಾಪಿನಲ್ಲೂ ಅದು ನಡೆಯುತ್ತದೆ. ಬಾಲ್ಡರ್ಸ್ ಗೇಟ್ 3 ಆಟಕ್ಕೋ 150 ಜಿಬಿ ಜಾಗ ಬೇಕು. ಮೊಬೈಲ್ ಹಾಟ್‌ಸ್ಪಾಟಿನಲ್ಲಿ ದಿನ ದೂಡುತ್ತಿರುವ ಹಾಸ್ಟೆಲ್ ಹುಡುಗನಿಗೆ ಅದನ್ನು ಕಳುಹಿಸಿದರೆ ಅವನು ಡೌನ್‌ಲೋಡ್ ಮಾಡುವುದಾದರೂ ಹೇಗೆ? ಪಡೆಯುವವರ ಕಂಪ್ಯೂಟರ್ ಆ ಆಟವನ್ನು ತಾಳುತ್ತದೆಯೇ ಎಂಬುದನ್ನು ಸ್ಟೀಮ್ ನಮಗೆ ಹೇಳುವುದಿಲ್ಲ, ನಾವೇ ಕೇಳಿ ತಿಳಿಯಬೇಕು.

ಕೊಟ್ಟ ಮೇಲೆ ಆಟ ಯಾರದು ಎಂಬ ಪ್ರಶ್ನೆಗೆ ಉತ್ತರ ಅಷ್ಟೊಂದು ಹಿತವಾಗಿಲ್ಲ. ಕ್ಯಾಲಿಫೋರ್ನಿಯಾದ ಕಾನೂನೊಂದರ ಹಿನ್ನೆಲೆಯಲ್ಲಿ 2024ರ ಅಕ್ಟೋಬರ್‌ನಿಂದ, ಕೊಳ್ಳುವುದು ಆಟವನ್ನು ಬಳಸುವ ಪರವಾನಗಿಯನ್ನು ಮಾತ್ರ ಎಂದು ಸ್ಟೀಮ್ ತನ್ನ ಕಾರ್ಟಿನಲ್ಲೇ ತಿಳಿಸುತ್ತಿದೆ. ಓದಿ ಮುಗಿಸಿದ ಪುಸ್ತಕವನ್ನು ತಂಗಿಗೆ ದಾಟಿಸಿದಂತೆ, ಆಡಿ ಮುಗಿಸಿದ ಆಟವನ್ನು ಖಾತೆಯಿಂದ ತೆಗೆದು ಇನ್ನೊಬ್ಬರಿಗೆ ಕೊಡಲು ಬಾರದು. ಒಂದೇ ಮನೆಯ 6 ಜನರವರೆಗೆ ಆಟಗಳನ್ನು ಹಂಚಿಕೊಳ್ಳುವ ಸ್ಟೀಮ್ ಫ್ಯಾಮಿಲೀಸ್ ಏರ್ಪಾಡು ಈ ಕೊರತೆಯನ್ನು ಸ್ವಲ್ಪಮಟ್ಟಿಗೆ ತುಂಬುತ್ತದೆ. ಒಂದು ಆಟದಲ್ಲಿ ಮೋಸ ಮಾಡಿ ನಿಷೇಧಕ್ಕೊಳಗಾದವರಿಗೆ ಆ ಆಟವನ್ನು ನಾವೇ ಉಡುಗೊರೆಯಾಗಿ ಕೊಟ್ಟಿದ್ದರೆ, ಅದನ್ನು ಮತ್ತೆ ಉಡುಗೊರೆ ಕೊಡುವ ನಮ್ಮ ಅವಕಾಶವೂ ರದ್ದಾಗಬಹುದು. ಪರಿಚಯವಿಲ್ಲದವರಿಗೆ ಕೊಡುವಾಗ ಇದು ನೆನಪಿರಲಿ.

ಉಡುಗೊರೆಯ ಹೆಸರಿನಲ್ಲಿ ನಡೆಯುವ ವಂಚನೆಯ ಬಗ್ಗೆ ಕಾಳಜಿಯಿಂದ ಒಂದು ಮಾತು. ಗೆಳೆಯರ ಖಾತೆಯಿಂದಲೇ ಚಾಟ್‌ನಲ್ಲಿ 50 ಡಾಲರಿನ ಗಿಫ್ಟ್ ಕಾರ್ಡ್ ಎಂದು ಲಿಂಕ್ ಬರುತ್ತದೆ. ಒತ್ತಿದರೆ ಸ್ಟೀಮ್‌ನಂತೆಯೇ ಕಾಣುವ ಪುಟ ತೆರೆದು ಪಾಸ್‌ವರ್ಡ್ ಕೇಳುತ್ತದೆ. ಪಾಸ್‌ವರ್ಡ್ ಕೊಟ್ಟವರ ಖಾತೆ ಕಳ್ಳರ ಪಾಲಾಗಿ, ಅಲ್ಲಿಂದ ಅದೇ ಲಿಂಕ್ ಮುಂದಿನವರಿಗೆ ಹೋಗುತ್ತದೆ. ಗೆಳೆಯರು ಕಳುಹಿಸಿದ ನಿಜವಾದ ಉಡುಗೊರೆಯ ಸೂಚನೆ ಸ್ಟೀಮ್ ಆ್ಯಪ್‌ನ ಒಳಗೇ ಕಾಣಿಸಿಕೊಳ್ಳುತ್ತದೆ, ಅದನ್ನು ಪಡೆಯಲು ಚಾಟ್‌ನಲ್ಲಿ ಬಂದ ಲಿಂಕನ್ನು ಒತ್ತಬೇಕಾಗಿಲ್ಲ. ಇದನ್ನು ಮನೆಯ ಕಿರಿಯರಿಗೆ ಉಡುಗೊರೆ ಕೊಡುವ ಮೊದಲೇ ತಿಳಿಸಿರಬೇಕು.

ಆಟಗಳೊಳಗಿನ ವಸ್ತುಗಳನ್ನು, ಉದಾಹರಣೆಗೆ ಕೌಂಟರ್-ಸ್ಟ್ರೈಕ್ 2 ಎಂಬ ಶೂಟಿಂಗ್ ಆಟದ ಸ್ಕಿನ್‌ಗಳನ್ನು (ಆಯುಧಗಳ ಬಣ್ಣ, ವಿನ್ಯಾಸಗಳನ್ನು), ಟ್ರೇಡ್ ಅಂದರೆ ವಿನಿಮಯದ ಮೂಲಕ ಬದಲಿಗೆ ಏನನ್ನೂ ಪಡೆಯದೆ ಗೆಳೆಯರಿಗೆ ಕೊಡಬಹುದು. ಖಾತೆ ನಮ್ಮದೇ ಎಂದು ಫೋನಿನಲ್ಲಿ ದೃಢಪಡಿಸುವ ಮೊಬೈಲ್ ಆಥೆಂಟಿಕೇಟರ್ ಇಲ್ಲದಿದ್ದರೆ ಅಂಥ ವಿನಿಮಯ 15 ದಿನಗಳವರೆಗೆ ತಡೆಹಿಡಿಯಲ್ಪಡುತ್ತದೆ. 2025ರ ಜುಲೈನಿಂದ ಈ ಆಟದ ವಸ್ತುಗಳ ವಿನಿಮಯವನ್ನು 7 ದಿನಗಳೊಳಗೆ ಹಿಂತೆಗೆದುಕೊಳ್ಳುವ ರಕ್ಷಣೆಯೂ ಬಂದಿದೆ. ಕಳವಾದ ಖಾತೆಯವರಿಗೆ ಇದು ದೊಡ್ಡ ನೆರವು. ಆದರೂ ದಿನದಿಂದ ದಿನಕ್ಕೆ ಬೆಲೆ ಏರಿಳಿಯುವ, ಕಳ್ಳರ ಕಣ್ಣು ಸದಾ ಇರುವ ಸ್ಕಿನ್‌ಗಳನ್ನು ಉಡುಗೊರೆಯಾಗಿ ಕೊಡಲು ನಾನು ಯಾರಿಗೂ ಸಲಹೆ ಮಾಡುವುದಿಲ್ಲ. ಅದೇ ಹಣಕ್ಕೆ, ಇಬ್ಬರೂ ಕೂಡಿ ಆಡಬಹುದಾದ ಒಂದು ಪೂರ್ಣ ಆಟವನ್ನು ಕೊಡಿಸುವುದೇ ಲೇಸು.