ಆ್ಯಪಲ್‌ಕ್ರಾಸ್‌ಗೆ ಘಾಟಿ ದಾರಿಯೋ, ಕಡಲ ದಾರಿಯೋ?

ಸ್ಕಾಟ್ಲೆಂಡ್‌ನ ಪಶ್ಚಿಮ ಕರಾವಳಿಯ ಆ್ಯಪಲ್‌ಕ್ರಾಸ್ ಊರಿಗೆ ಎರಡು ರಸ್ತೆಗಳಿವೆ.

ಹಳೆಯದು ಬ್ಯಾಲಕ್ ನ ಬಾ. ಅಲ್ಲಿನ ಗೇಲಿಕ್ ಭಾಷೆಯಲ್ಲಿ ‘ದನಗಳ ಘಾಟಿ’ ಎಂದರ್ಥ. ಹಿಂದೆ ದನ ಹೊಡೆದುಕೊಂಡು ಹೋಗುತ್ತಿದ್ದದ್ದು ಇಲ್ಲೇ. 1822ರಲ್ಲಿ ರಸ್ತೆಯಾಯಿತು. ಹೆಚ್ಚುಕಡಿಮೆ ಕಡಲ ಮಟ್ಟದಿಂದ 626 ಮೀಟರ್‌ಗೆ ಏರುತ್ತದೆ. ಒಂದೇ ಗಾಡಿಯ ಅಗಲ; ಎದುರಿಗೆ ಕಾರು ಬಂದರೆ, ಪಕ್ಕಕ್ಕೆ ನಿಲ್ಲುವ ಜಾಗದವರೆಗೆ ಯಾರಾದರೊಬ್ಬರು ರಿವರ್ಸ್ ಹೋಗಬೇಕು. ಹೇರ್‌ಪಿನ್ ತಿರುವಿನಲ್ಲಿ ಇದು ಸುಮ್ನೆ ಮಾತಲ್ಲ! ಡ್ರೈವಿಂಗ್ ಕಲಿಯುವವರಿಗೆ, ಕ್ಯಾರವಾನ್ (ಕಾರಿನ ಹಿಂದೆ ಎಳೆದೊಯ್ಯುವ ಮನೆಗಾಡಿ) ತಂದವರಿಗೆ ಇದು ಬೇಡ ಎಂದು ಬುಡದಲ್ಲೇ ಬೋರ್ಡ್ ಇದೆ. ಹಿಮ ಬಿದ್ದರೆ ಮುಚ್ಚುವುದೂ ಉಂಟು.

ಎರಡನೆಯದು, ಶೀಲ್ಡೇಗ್ ಎಂಬ ಊರಿನ ಕಡೆಯ ಕಡಲ ರಸ್ತೆ, ಪೂರ್ತಿಯಾದದ್ದು 1970ರ ದಶಕದಲ್ಲಿ. ಇದೂ ಕಿರಿದೇ, ಸುತ್ತು ಜಾಸ್ತಿ. ಆದರೆ ಅಷ್ಟು ಎತ್ತರವಿಲ್ಲ.

ಆಕಾಶ ತಿಳಿಯಾಗಿದ್ದರೆ ನನ್ನ ಓಟು ಘಾಟಿಗೆ. ಮಂಜು ಕವಿದಿದ್ದರೆ ಮೇಲೆ ಹೋಗಿ ನೋಡುವುದಾದರೂ ಏನು, ಅಲ್ವಾ? ಕಡಲ ದಾರಿ ಹಿಡಿಯಿರಿ.